ಸಿಂಪಿ ರಾಜಕುಮಾರಿ: ದೊರೆಯೇ ಇಲ್ಲದ ಮಾರುವೇಷ

ನಮ್ಮ ಚಲನಚಿತ್ರ ಸಂಜೆಗೆ ಈ ಸಲ ಮೂಕಿ ಚಿತ್ರವೊಂದನ್ನು ತರುತ್ತೇವೆ ಎಂದಾಗ ಮೊದಲು ಬಂದ ಪ್ರಶ್ನೆ "ಸಬ್‌ಟೈಟಲ್ ಇದೆಯಾ?" ಎಂಬುದು. ಎರಡನೆಯದು "ಎಷ್ಟು ಹೊತ್ತು?" ಒಂದೇ ಗಂಟೆ ಎಂದ ಮೇಲೆ ಕೆಲವರು ಒಪ್ಪಿದರು, ಬಿಸಿಬೇಳೆ ಭಾತ್ ಇದೆ ಎಂದ ಮೇಲೆ ಉಳಿದವರೂ ಒಪ್ಪಿದರು. ಹೀಗೆ ಜಿಟಿಜಿಟಿ ಮಳೆಯ ಒಂದು ಶನಿವಾರ, ಸಭಾಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿಕೊಂಡು ನಾವೆಲ್ಲ ನೋಡಿದ್ದು ಅರ್ನ್‌ಸ್ಟ್ ಲುಬಿಚ್ ನಿರ್ದೇಶಿಸಿದ 'ಡೀ ಔಸ್ಟರ್ನ್‌ಪ್ರಿನ್ಸೆಸಿನ್'. 1919ರ ಜೂನ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡ ಚಿತ್ರ. ಕನ್ನಡದಲ್ಲಿ 'ಸಿಂಪಿ ರಾಜಕುಮಾರಿ' ಎನ್ನೋಣ. ಲುಬಿಚ್ ಬರ್ಲಿನ್ನಿನ ದರ್ಜಿಯೊಬ್ಬರ ಮಗ. ನಮ್ಮ ಉತ್ತರ ಕರ್ನಾಟಕದ ಮಿತ್ರರು ಕೂಡಲೇ "ಹಂಗಾದ್ರ ಇದು ಸಿಂಪಿಗರ ಹುಡುಗನ ಸಿಂಪಿ ಸಿನಿಮಾ" ಎಂದರು. ಆ ಮಾತು ಬರೀ ತಮಾಷೆಯಲ್ಲ ಎಂದು ನಮಗೆ ಆಮೇಲೆ ಅನ್ನಿಸಿತು. ಬಟ್ಟೆ ಬದಲಾದರೆ ಮನುಷ್ಯನಿಗೆ ಸಿಗುವ ಮರ್ಯಾದೆ ಎಷ್ಟು ಬದಲಾಗುತ್ತದೆ ಎಂಬುದನ್ನು ದರ್ಜಿಯ ಅಂಗಡಿಯಲ್ಲಿ ಲೆಕ್ಕ ಬರೆದ ಹುಡುಗನಿಗಿಂತ ಚೆನ್ನಾಗಿ ಯಾರು ಬಲ್ಲರು?

ಅಂದು ನಗುತ್ತ ಮನೆಗೆ ಹೋದೆವು. ಆಮೇಲೆ ಎರಡು ವಾರ ಫೋನಿನಲ್ಲಿ ಜಗಳವಾಡಿದೆವು. ಈ ಲೇಖನ ಆ ಜಗಳದಲ್ಲಿ ನಮ್ಮ ಪಾಲಿನ ವಾದ ಎಂದು ಓದುಗರು ತಿಳಿಯಬೇಕು.

ಮೊದಲು ಕಥೆ. ಅಮೆರಿಕದ ಸಿಂಪಿ ವ್ಯಾಪಾರದ ದೊರೆ ಮಿಸ್ಟರ್ ಕ್ವೇಕರ್. ಕೋಟಿಗಳ ಮೇಲೆ ಕೋಟಿ ಇರುವ ಈ ಮನುಷ್ಯನನ್ನು ಯಾವುದೂ ಬೆರಗುಗೊಳಿಸುವುದಿಲ್ಲ, ಅದನ್ನೇ ಅವನು ಆಗಾಗ ಹೇಳುತ್ತಲೂ ಇರುತ್ತಾನೆ. ಅವನ ಮಗಳು ಓಸ್ಸಿ ತನ್ನ ಕೋಣೆಯ ಸಾಮಾನನ್ನೆಲ್ಲ ಒಡೆದು ಹಾಕುತ್ತಿದ್ದಾಳೆ. ಕಾರಣ, ಶೂ ಪಾಲಿಶ್ ದೊರೆಯ ಮಗಳಿಗೆ ಒಬ್ಬ ಕೌಂಟ್ ಗಂಡನಾಗಿ ಸಿಕ್ಕಿದ್ದಾನೆಂದು ಪತ್ರಿಕೆಯಲ್ಲಿ ಬಂದಿದೆ. ಪತ್ರಿಕೆಗಳನ್ನು ಯಾಕೆ ಎಸೆಯುತ್ತೀ ಎಂದು ಅಪ್ಪ ಕೇಳಿದರೆ, ಹೂದಾನಿಗಳೆಲ್ಲ ಮುಗಿದವು ಎನ್ನುತ್ತಾಳೆ. ಅಪ್ಪ ಸಮಾಧಾನ ಹೇಳುವ ರೀತಿ ನೋಡಿ: ನಿನಗೆ ಒಬ್ಬ ರಾಜಕುಮಾರನನ್ನೇ ಕೊಂಡು ತರುತ್ತೇನೆ. ಮಗಳಿಗೆ ಎಷ್ಟು ಸಂತೋಷವಾಗುತ್ತದೆಂದರೆ ಇಡೀ ಮನೆಯನ್ನೇ ಪುಡಿ ಮಾಡುವ ಉತ್ಸಾಹ ಬರುತ್ತದೆ.

ಮದುವೆ ದಲ್ಲಾಳಿ ಸೆಲಿಗ್‌ಸೋನ್ ತನ್ನ ಪಟ್ಟಿ ತೆಗೆದು ನೂಕಿ ಎಂಬ ರಾಜಕುಮಾರನನ್ನು ಹುಡುಕುತ್ತಾನೆ. ಈ ನೂಕಿ ಸಾಲದಲ್ಲಿ ಮುಳುಗಿ, ಎಷ್ಟೋ ಮೆಟ್ಟಿಲು ಹತ್ತಿ ಸೇರಬೇಕಾದ ಅಟ್ಟದ ಕೋಣೆಯಲ್ಲಿ, ಯೋಸೆಫ್ ಎಂಬ ಒಬ್ಬನೇ ಸೇವಕನ ಜೊತೆ ಬಟ್ಟೆ ಒಗೆದುಕೊಂಡಿದ್ದಾನೆ. ದಲ್ಲಾಳಿ ಬಾಗಿಲಿಗೆ ಬಂದಾಗ ಸಿಂಹಾಸನವೊಂದು ಬೇಕಲ್ಲ, ಇದ್ದ ಕುರ್ಚಿಯನ್ನೇ ಎತ್ತರಕ್ಕೇರಿಸಿ ಅದರ ಮೇಲೆ ಗಂಭೀರವಾಗಿ ಕೂರುತ್ತಾನೆ. ಹುಡುಗಿಯನ್ನು ನೋಡಿ ಬರಲು ತಾನು ಹೋಗದೆ ಯೋಸೆಫ್‌ನನ್ನು ಕಳಿಸುತ್ತಾನೆ. ಯೋಸೆಫ್ ಸಿಂಗರಿಸಿಕೊಂಡು, ಯಜಮಾನನ ಹೆಸರಿನ ಕಾರ್ಡ್ ಹಿಡಿದು ಹೋಗುತ್ತಾನೆ. ಅಲ್ಲಿ ಎಲ್ಲರೂ ಅವನನ್ನೇ ರಾಜಕುಮಾರ ಎಂದುಕೊಳ್ಳುತ್ತಾರೆ. ಓಸ್ಸಿಗೆ ತಾಳ್ಮೆಯಿಲ್ಲ, ಪಾದ್ರಿಯ ಬಳಿಗೆ ಅವನನ್ನು ಎಳೆದುಕೊಂಡು ಹೋಗಿ ಮದುವೆಯಾಗಿಯೇ ಬಿಡುತ್ತಾಳೆ. ಮದುವೆ ನಡೆದದ್ದು ನೂಕಿಯ ಹೆಸರಿನಲ್ಲಿ. ಕೊನೆಯಲ್ಲಿ ಎಲ್ಲ ಗಂಟೂ ಬಿಚ್ಚುವುದು ಇದರಿಂದಲೇ.

ಮಾರುವೇಷದ ಕಥೆ ನಮಗೇನು ಹೊಸದಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ ಕಥೆಗಳಲ್ಲಿ ರಾಜರು ಹಗಲು ಆಳುವುದಕ್ಕಿಂತ ರಾತ್ರಿ ಕಂಬಳಿ ಹೊದ್ದು ತಿರುಗಿದ್ದೇ ಹೆಚ್ಚು. ವಿರಾಟಪರ್ವವಂತೂ ಇಡೀ ಮಾರುವೇಷವೇ: ಧರ್ಮರಾಯ ಕಂಕ, ಭೀಮ ಅಡಿಗೆಯ ವಲಲ, ಅರ್ಜುನ ನಾಟ್ಯದ ಬೃಹನ್ನಳೆ. ಕಂಠೀರವ ನರಸರಾಜ ಒಡೆಯರು ಗುರುತು ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದ ಐತಿಹ್ಯ ಮೈಸೂರಿನ ಕಡೆಯವರಿಗೆಲ್ಲ ಗೊತ್ತು. 1960ರಲ್ಲಿ 'ರಣಧೀರ ಕಂಠೀರವ'ನಾಗಿ ರಾಜ್‌ಕುಮಾರ್ ಬಂದ ಮೇಲೆ ಗೊತ್ತಿಲ್ಲದವರಿಗೂ ಒಡೆಯರ ಹೆಸರು ಗೊತ್ತಾಯಿತು. ಈ ಕಥೆಗಳಲ್ಲೆಲ್ಲ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ವೇಷ ಹೊರಗಿನದು, ದೊರೆತನ ಒಳಗಿನದು. ವಿರಾಟ ಕೋಪದಲ್ಲಿ ಪಗಡೆಯ ದಾಳದಿಂದ ಕಂಕನನ್ನು ಹೊಡೆದಾಗ ಸುರಿದ ನೆತ್ತರು ನೆಲಕ್ಕೆ ಬೀಳಬಾರದೆಂದು ಸೈರಂಧ್ರಿ ಓಡಿ ಬಂದು ಹಿಡಿಯುತ್ತಾಳಲ್ಲ, ಅಲ್ಲಿ ವೇಷ ಹರಿಯದಿದ್ದರೂ ಕೇಳುವವರಿಗೆ ದೊರೆ ಕಾಣಿಸುತ್ತಾನೆ. ಯಾವ ಬಟ್ಟೆ ಹೊದಿಸಿದರೂ ಅವನು ದೊರೆಯೇ.

ಲುಬಿಚ್ ಈ ನಂಬಿಕೆಯನ್ನೇ ತಲೆಕೆಳಗು ಮಾಡಿದ್ದಾರೆ. ಇಲ್ಲಿ ವೇಷ ಹಾಕಿದವನು ದೊರೆಯಲ್ಲ, ಸೇವಕ. ಅವನನ್ನು ನೋಡಿ ಯಾರಿಗೂ ಅನುಮಾನವೇ ಬರುವುದಿಲ್ಲ. ಮುಖದ ಕಳೆ, ನಡಿಗೆ, ಮಾತು ಯಾವುದನ್ನೂ ಯಾರೂ ಪರೀಕ್ಷಿಸುವುದಿಲ್ಲ. ಕಾರ್ಡಿನ ಮೇಲೆ ಹೆಸರಿದೆ, ಅಷ್ಟು ಸಾಕು. ಅತ್ತ ನಿಜವಾದ ರಾಜಕುಮಾರನನ್ನು ನೋಡಿದರೂ ಅವನಲ್ಲಿ ದೊರೆತನದ ಗುರುತು ಒಂದೂ ಇಲ್ಲ. ಕುಡಿದು ಗೆಳೆಯರೊಂದಿಗೆ ತೂರಾಡುತ್ತ ಉದ್ಯಾನದ ಬೆಂಚಿನ ಮೇಲೆ ಬೀಳುವ ಹರೆಯದ ಹುಡುಗ ಅವನು. ನಮ್ಮ ಕಥೆಗಳಲ್ಲಿ ವೇಷ ಕಳಚಿದಾಗ ದೊರೆ ಸಿಗುತ್ತಾನೆ. ಇಲ್ಲಿ ಎಷ್ಟು ಕಳಚಿದರೂ ಒಳಗೆ ಸಿಗುವುದು ಒಂದು ಹೆಸರು.

ಇದು ಬರೀ ಕಚಗುಳಿಯಲ್ಲ ಎಂದು ತಿಳಿಯಲು ಆ ವರ್ಷವನ್ನು ನೆನೆಯಬೇಕು. 1918ರ ನವೆಂಬರಿನಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮ್ ಪಟ್ಟ ಕಳೆದುಕೊಂಡು ಹಾಲೆಂಡಿಗೆ ಓಡಿದ. ಅವನ ಜೊತೆಗೆ ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಎಂದು ಜರ್ಮನಿಯ ಸಣ್ಣ ದೊಡ್ಡ ದೊರೆಗಳೆಲ್ಲ ಇಳಿದರು. ಚಿತ್ರ ಬಂದದ್ದು ಇದಾದ ಏಳು ತಿಂಗಳಿಗೆ. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ಜೂನ್ 28ರಂದು. ಆಗಸ್ಟಿನಲ್ಲಿ ಬಂದ ವೈಮಾರ್ ಸಂವಿಧಾನದ 109ನೆಯ ವಿಧಿ ಹುಟ್ಟಿನ ಸವಲತ್ತುಗಳನ್ನು ರದ್ದುಮಾಡಿ, ಇನ್ನು ಮುಂದೆ ಬಿರುದುಗಳು ಹೆಸರಿನ ಒಂದು ಭಾಗ ಮಾತ್ರ ಎಂದು ಸಾರಿತು. ಆ ನಿಯಮ ಇಂದಿಗೂ ಇಲ್ಲಿ ಊರ್ಜಿತ. ಇಲ್ಲಿ ಕರೆಗಂಟೆಯ ಮೇಲೆ 'ಪ್ರಿನ್ಸ್' ಎಂದು ಬರೆದಿದ್ದರೆ ಅದು ಕಾನೂನಿನ ಪ್ರಕಾರ ನಮ್ಮ 'ಗೌಡ', 'ಪಾಟೀಲ'ರಂತೆ ಒಂದು ಅಡ್ಡಹೆಸರು, ಅಷ್ಟೆ. ಅಂದರೆ ಲುಬಿಚ್ ಜೂನಿನಲ್ಲಿ ತಮಾಷೆಯಾಗಿ ತೋರಿಸಿದ್ದನ್ನು ಆಗಸ್ಟಿನಲ್ಲಿ ದೇಶದ ಸಂವಿಧಾನವೇ ಬರೆದಿಟ್ಟಿತು. ನಮ್ಮಲ್ಲಿ ಈ ಕೆಲಸ ಆದದ್ದು 1971ರಲ್ಲಿ, 26ನೆಯ ತಿದ್ದುಪಡಿಯಿಂದ ರಾಜಧನ ನಿಂತಾಗ. ಆದರೂ ಮೈಸೂರಿನಲ್ಲಿ 'ಮಹಾರಾಜರು' ಎನ್ನದೆ ಮಾತು ಮುಗಿಸುವ ಹಿರಿಯರನ್ನು ನಾವು ಕಂಡಿಲ್ಲ. ಕಾನೂನು ಕಳಚಿದ್ದನ್ನು ನಾಲಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈಗ ನಮ್ಮೆಲ್ಲರನ್ನೂ ಹಿಡಿದು ನಿಲ್ಲಿಸಿದ ದೃಶ್ಯಕ್ಕೆ ಬರೋಣ. ಯೋಸೆಫ್ ಕ್ವೇಕರನ ಮನೆಗೆ ಬಂದಿದ್ದಾನೆ. ಓಸ್ಸಿಗೆ ಸ್ನಾನ ಆಗಬೇಕು. ಸ್ನಾನಕ್ಕೆ ಸಾಲುಸಾಲು ಸೇವಕಿಯರು, ಅವಳನ್ನು ಹೊತ್ತು, ತಿಕ್ಕಿ, ಒರೆಸಿ, ಗಂಧ ಪೂಸುತ್ತಿದ್ದಾರೆ. ಅತ್ತ ಅರಮನೆಯಂಥ ಹಜಾರದಲ್ಲಿ ಯೋಸೆಫ್ ಕಾಯುತ್ತಾನೆ. ಕಾಯುತ್ತಲೇ ಇರುತ್ತಾನೆ. ಆ ನೆಲದ ಮೇಲೆ ಬಹಳ ತೊಡಕಾದ ಒಂದು ಚಿತ್ತಾರವಿದೆ, ನಮ್ಮ ಸುಳಿ ರಂಗೋಲಿಯಂತೆ ಸುತ್ತಿಕೊಂಡು ಹೋಗುವ ಗೆರೆಗಳು. ಬೇಸರ ಕಳೆಯಲು ಯೋಸೆಫ್ ಆ ಗೆರೆಗಳ ಮೇಲೇ ಹೆಜ್ಜೆ ಇಡತೊಡಗುತ್ತಾನೆ. ಒಂದು ಗೆರೆ ಮುಗಿದರೆ ಇನ್ನೊಂದು, ತಿರುವಿನಲ್ಲಿ ಎಚ್ಚರದಿಂದ ತಿರುಗುತ್ತ, ಗೆರೆ ತಪ್ಪದ ಹಾಗೆ. ಆ ಪಾತ್ರ ಮಾಡಿದ ಯೂಲಿಯುಸ್ ಫಾಲ್ಕೆನ್‌ಸ್ಟೈನ್ ಬೋಳುತಲೆಯ, ಒಣಕಲು ದೇಹದ ನಟ. ಮುಖದಲ್ಲಿ ಹೆಚ್ಚೇನೂ ತೋರಿಸುವುದಿಲ್ಲ. ಕಾಲುಗಳೇ ಎಲ್ಲವನ್ನೂ ಹೇಳುತ್ತವೆ.

ಲುಬಿಚ್ 1947ರಲ್ಲಿ, ತಾವು ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, ತಮ್ಮ ಚಿತ್ರಗಳ ಬಗ್ಗೆ ಬರೆದ ಪತ್ರವೊಂದರಲ್ಲಿ ಈ ದೃಶ್ಯವನ್ನೇ ನೆನೆದಿದ್ದಾರೆ. ಬಡವನೊಬ್ಬ ಕೋಟ್ಯಧೀಶನ ಹಜಾರದಲ್ಲಿ ಗಂಟೆಗಟ್ಟಲೆ ಕಾದು, ತನ್ನ ಅಸಹನೆ ಮತ್ತು ಅವಮಾನವನ್ನು ನುಂಗಲು ಹಾಗೆ ನಡೆಯುತ್ತಾನೆ, ತಾವು ಬರೀ ಹಾಸ್ಯದಿಂದ ವಿಡಂಬನೆಯತ್ತ ತಿರುಗಿದ್ದು ಅಲ್ಲಿಯೇ ಎಂಬುದು ಅವರ ಮಾತಿನ ಸಾರ. ನಡುವೆ 28 ವರ್ಷ ಕಳೆದು, ಹಾಲಿವುಡ್‌ನಲ್ಲಿ 'ನಿನೋಚ್ಕ'ದಂಥ ಚಿತ್ರಗಳನ್ನು ಮಾಡಿ ಹೆಸರಾದ ಮೇಲೂ ಅವರಿಗೆ ನೆನಪಿದ್ದದ್ದು ಒಬ್ಬ ಸೇವಕನ ಆ ನಡಿಗೆ.

ನಮಗೆ ಅದು ಯಾಕೆ ತಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇವೆ. ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾವು ಪ್ರತಿಯೊಬ್ಬರೂ ಯಾವುದೋ ಕಚೇರಿಯ ಹಜಾರದಲ್ಲಿ, ಕೈಯಲ್ಲಿ ಸಂಖ್ಯೆಯ ಚೀಟಿ ಹಿಡಿದು, ನಮ್ಮ ಹೆಸರನ್ನು ಯಾರಾದರೂ ತಪ್ಪಾಗಿಯಾದರೂ ಕೂಗಲಿ ಎಂದು ಕಾದವರೇ. ನಮ್ಮಲ್ಲಿ ಒಬ್ಬರು ವೀಸಾ ನವೀಕರಣಕ್ಕೆ ಕಾಯುತ್ತ ಆ ನೆಲದ ಹೆಂಚುಗಳನ್ನು ಎಣಿಸಿದ್ದರಂತೆ. ಉದ್ದಕ್ಕೆ 31, ಅಡ್ಡಕ್ಕೆ 18. ಊರಿನಲ್ಲಿ ಅವರು ನಾಲ್ಕು ಜನ ಎದ್ದು ನಿಲ್ಲುವ ಮೇಷ್ಟರ ಮಗ. ಇಲ್ಲಿ ಒಂದು ಕಡತ. ಕಡತದಲ್ಲಿ ಹೆಸರು ಸರಿಯಾಗಿದ್ದರೆ ಮನುಷ್ಯ ಸರಿ, ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಮನುಷ್ಯನೇ ತಪ್ಪು. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಲವಂತವಾಗಿ ಅಡ್ಡಹೆಸರು ಮಾಡಿಕೊಂಡು, ದಿನವಿಡೀ ತಮ್ಮ ಊರಿನ ಹೆಸರಿನಿಂದಲೇ ಕರೆಸಿಕೊಳ್ಳುವ ಗೆಳೆಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಯೋಸೆಫ್‌ನಿಗೆ ಕಾರ್ಡ್ ಒಂದೇ ಸಾಕಾಯಿತು ಎಂದಾಗ ಹಿಂದಿನ ಸಾಲಿನಿಂದ ಕೇಳಿದ ನಗುವಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಜಗಳ ಶುರುವಾದದ್ದು ಮದುವೆಯ ವಿಷಯಕ್ಕೆ. ಶೂ ಪಾಲಿಶ್ ದೊರೆಯ ಮಗಳಿಗೆ ಕೌಂಟ್ ಸಿಕ್ಕಿದ ಎಂದು ಓಸ್ಸಿ ಹೂದಾನಿ ಒಡೆಯುವಾಗ ಎಲ್ಲರೂ ನಕ್ಕೆವು. ಆಗ ನಮ್ಮ ಹಿರಿಯ ಸದಸ್ಯೆಯೊಬ್ಬರು, "ಯಾಕೆ ನಗುತ್ತೀರಿ, ಪಕ್ಕದ ಮನೆಯ ಹುಡುಗಿಗೆ ಅಮೆರಿಕದ ಡಾಕ್ಟರ್ ಸಿಕ್ಕಿದ ಅಂತ ನಮ್ಮಮ್ಮ ಮೂರು ದಿನ ಊಟ ಬಿಟ್ಟಿದ್ದರು" ಎಂದರು. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ವರದಕ್ಷಿಣೆಯನ್ನು ನಮ್ಮ ದೇಶ 1961ರಲ್ಲಿಯೇ ಕಾನೂನಿನಿಂದ ನಿಷೇಧಿಸಿದೆ. ಕ್ವೇಕರ್ ಮಾಡುವುದು ಅದನ್ನೇ, ಒಂದೇ ವ್ಯತ್ಯಾಸವೆಂದರೆ ಅವನು 'ಕೊಳ್ಳುತ್ತೇನೆ' ಎಂಬ ಮಾತನ್ನು ನಾಚಿಕೆಯಿಲ್ಲದೆ ಬಳಸುತ್ತಾನೆ. ನಮ್ಮಲ್ಲಿ 'ಹುಡುಗನ ಕಡೆಯವರು ಏನೂ ಕೇಳಿಲ್ಲ, ನಾವಾಗಿಯೇ ಕೊಟ್ಟದ್ದು' ಎನ್ನುತ್ತೇವೆ. ವಧೂವರರ ಜಾಹೀರಾತುಗಳಲ್ಲಿ ಹುಡುಗನ ಗುಣಕ್ಕಿಂತ ಮೊದಲು ಅವನ ವೀಸಾ ಬರುವುದನ್ನು ನೋಡಿದವರಿಗೆ ಸೆಲಿಗ್‌ಸೋನನ ಪಟ್ಟಿ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ಆದರೆ ಒಂದು ಮಾತನ್ನು ಒಪ್ಪಬೇಕು. ಓಸ್ಸಿ ಓಸ್ವಾಲ್ಡ ಎಂಬ ನಟಿ ಈ ಪಾತ್ರವನ್ನು ಬೊಂಬೆಯಾಗಲು ಬಿಟ್ಟಿಲ್ಲ. ಅವಳು ಬಿಕರಿಯಾಗುವ ವಧುವಲ್ಲ, ಖರೀದಿಗೆ ಬಂದವಳು. ಮಗುವನ್ನು ನೋಡಿಕೊಳ್ಳುವುದನ್ನು ಕಲಿಸಲು ಅವಳ ಕೈಗೆ ಬೊಂಬೆಯೊಂದನ್ನು ಕೊಟ್ಟಾಗ ಅವಳು ಅದನ್ನು ನಡೆಸಿಕೊಳ್ಳುವ ರೀತಿ ನೋಡಿ ನಮ್ಮ ತಾಯಂದಿರು ಕಣ್ಣೀರು ಬರುವಷ್ಟು ನಕ್ಕರು. ಆ ಕಾಲದ ನಾಯಕಿಯರಲ್ಲಿ ಇಂಥ ಒರಟು ಲವಲವಿಕೆಯನ್ನು ನಾವು ನಿರೀಕ್ಷಿಸಿರಲಿಲ್ಲ.

ಮದುವೆ ಔತಣದ ಭಾಗ ಚಿತ್ರದ ಶಿಖರ. ಒಬ್ಬೊಬ್ಬ ಅತಿಥಿಯ ಹಿಂದೆಯೂ ಬಡಿಸುವವರ ಸಾಲು, ತಟ್ಟೆಗಳು ಕವಾಯತಿನಂತೆ ಬರುತ್ತವೆ, ಹೋಗುತ್ತವೆ. ಯೋಸೆಫ್ ಯಾರನ್ನೂ ನೋಡದೆ ತಿನ್ನುತ್ತಾನೆ, ಕುಡಿಯುತ್ತಾನೆ. ನಮ್ಮ ಯುವ ಮಿತ್ರರು ಅವನನ್ನು ಹೊಟ್ಟೆಬಾಕ ಎಂದರು. ನಾವು ಹಾಗೆ ಎನ್ನಲಾರೆವು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳು ಜರ್ಮನಿಯ ಮೇಲೆ ಹಾಕಿದ್ದ ಕಡಲ ದಿಗ್ಬಂಧನ ತೆರವಾದದ್ದು 1919ರ ಜುಲೈನಲ್ಲಿ. ಅಂದರೆ ಚಿತ್ರ ಬಂದಾಗ ಬರ್ಲಿನ್ನಿನ ಜನ ಇನ್ನೂ ಹಸಿದಿದ್ದರು. ವರ್ಷಗಟ್ಟಲೆ ಟರ್ನಿಪ್ ತಿಂದ ಪ್ರೇಕ್ಷಕರ ಮುಂದೆ ಈ ಔತಣ. ತೆರೆಯ ಮೇಲೆ ಅವರ ಪರವಾಗಿ ಊಟ ಮಾಡುತ್ತಿದ್ದವನು ಯೋಸೆಫ್ ಒಬ್ಬನೇ.

ಊಟದ ಮಧ್ಯೆ ಫಾಕ್ಸ್‌ಟ್ರಾಟ್ ಎಂಬ ಕುಣಿತ ಸಾಂಕ್ರಾಮಿಕ ರೋಗದಂತೆ ಹರಡುತ್ತದೆ. ಅತಿಥಿಗಳಿಂದ ಬಡಿಸುವವರಿಗೆ, ಅವರಿಂದ ಅಡಿಗೆಮನೆಗೆ, ಮೆಟ್ಟಿಲಿಗೆ, ಮೂಲೆ ಮೂಲೆಗೆ. ವಾದ್ಯವೃಂದದ ಮುಂದೆ ಸೊಂಟ ತಿರುಗಿಸುತ್ತ ನಿಂತಿರುವ ಆ ಸಣಕಲು ಹುಡುಗ ಕುರ್ಟ್ ಬೋಯಿಸ್, ಆಗ ಹದಿನೆಂಟರ ಆಸುಪಾಸು. ಯಹೂದಿಯಾಗಿದ್ದ ಆತ 1933ರ ನಂತರ ದೇಶ ಬಿಡಬೇಕಾಯಿತು. 'ಕಾಸಾಬ್ಲಾಂಕ'ದಲ್ಲಿ ಜೇಬುಗಳ್ಳನಾಗಿ ಒಂದೆರಡು ನಿಮಿಷ ಕಾಣಿಸಿಕೊಂಡ. ಆಮೇಲೆ ಬರ್ಲಿನ್ನಿಗೆ ಮರಳಿ, 1987ರಲ್ಲಿ ವಿಮ್ ವೆಂಡರ್ಸ್ ಚಿತ್ರದಲ್ಲಿ ಪಾಳುಬಿದ್ದ ಪೋಟ್ಸ್‌ಡಾಮರ್ ಪ್ಲಾಟ್ಸ್ ಚೌಕವನ್ನು ಹುಡುಕುತ್ತ ಅಲೆಯುವ ಮುದುಕನಾದ. ಆ ಮುದುಕನನ್ನು ಮೊದಲೇ ನೋಡಿದ್ದ ನಮಗೆ ಈ ಹುಡುಗನನ್ನು ಕಂಡಾಗ ನಗುವಿನ ಜೊತೆಗೆ ಏನೋ ಸಂಕಟವೂ ಆಯಿತು. ಹೋಗಲಿ, ಅದು ಬೇರೆ ಲೇಖನದ ವಿಷಯ.

ಹೊಗಳಿಕೆ ಸಾಕು, ಆಕ್ಷೇಪಣೆ ಎರಡಿವೆ. ಮೊದಲನೆಯದು ಚಿತ್ರದ ಆರಂಭದಲ್ಲೇ ಇದೆ. ಕ್ವೇಕರನ ಚುಟ್ಟ ಹಿಡಿಯಲು ಒಬ್ಬ, ಬಟ್ಟಲು ಹಿಡಿಯಲು ಒಬ್ಬ ಎಂದು ಕಪ್ಪು ಜನರನ್ನು ಪೀಠೋಪಕರಣದಂತೆ ನಿಲ್ಲಿಸಲಾಗಿದೆ. ಇದು ಕ್ವೇಕರನ ದೌಲತ್ತಿನ ಅಣಕವೆಂದು ಕೆಲವರು ವಾದಿಸಿದರು. ಇರಬಹುದು. ಆದರೆ ಯೋಸೆಫ್‌ನ ಕಾಲುಗಳನ್ನು ಅಷ್ಟು ಪ್ರೀತಿಯಿಂದ ನೋಡಿದ ಕ್ಯಾಮೆರಾ ಈ ಸೇವಕರಲ್ಲಿ ಒಬ್ಬರ ಮುಖವನ್ನೂ ಹಾಗೆ ನೋಡುವುದಿಲ್ಲ. ಬಿಳಿಯರ ದೇಶದಲ್ಲಿ ಕಂದು ಬಣ್ಣದವರಾಗಿ ಬಾಳುವ ನಾವು ಅದನ್ನು ಗಮನಿಸದೆ ನಕ್ಕು ಮುಂದೆ ಹೋಗುವುದು ಸಾಧ್ಯವಾಗಲಿಲ್ಲ. ಮಕ್ಕಳಲ್ಲಿ ಒಬ್ಬಳು ಅಲ್ಲಿಯೇ ಕೇಳಿದಳು ಕೂಡ.

ಎರಡನೆಯದು ಕೊನೆಯ ಭಾಗ. ಕುಡಿತದ ವಿರುದ್ಧ ಹೋರಾಡುವ ಕೋಟ್ಯಧೀಶರ ಹೆಣ್ಣುಮಕ್ಕಳ ಸಂಘ, ಅಲ್ಲಿಗೆ ಅಮಲಿನಲ್ಲಿ ಬಂದು ಬೀಳುವ ನೂಕಿ, ಅವನಿಗಾಗಿ ಹುಡುಗಿಯರ ಮುಷ್ಟಿಯುದ್ಧ, ಅದರಲ್ಲಿ ಗೆದ್ದ ಓಸ್ಸಿ. ಮಜವಾಗಿದೆ, ಆದರೆ ಚಿತ್ರ ಅಲ್ಲಿಂದ ಸುಲಭದ ದಾರಿ ಹಿಡಿಯುತ್ತದೆ. ನೂಕಿ ಮತ್ತು ಓಸ್ಸಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ, ಆದರೆ ಅವಳಿಗೆ ಆಗಲೇ ಮದುವೆಯಾಗಿದೆಯಲ್ಲ! ಯೋಸೆಫ್ ಬಂದು, ನಾನು ಮದುವೆಯಾದದ್ದು ನಿಮ್ಮ ಹೆಸರಿನಲ್ಲಿ, ಆದ್ದರಿಂದ ನೀವಿಬ್ಬರೂ ಆಗಲೇ ಗಂಡಹೆಂಡತಿ ಎನ್ನುತ್ತಾನೆ. ಎಲ್ಲರಿಗೂ ಸಂತೋಷ. ಕೊನೆಗೆ ಕ್ವೇಕರ್ ಬೀಗದ ರಂಧ್ರದಲ್ಲಿ ಇಣುಕಿ, ಮೊದಲ ಬಾರಿಗೆ ತನಗೆ ಬೆರಗಾಯಿತೆಂದು ಒಪ್ಪಿಕೊಳ್ಳುತ್ತಾನೆ. ಯೋಸೆಫ್‌ನ ಗತಿ? ಹಜಾರದಲ್ಲಿ ಕಾದವನು ಅವನು, ಮದುವೆಯ ಪೆಟ್ಟಿಗೆ ಕತ್ತೊಡ್ಡಿದವನು ಅವನು, ಮದುವೆಯ ರಾತ್ರಿ ಒಂಟಿಯಾಗಿ ಮಲಗಿದವನೂ ಅವನೇ. ಹೆಸರಷ್ಟೇ ಮದುವೆಯಾಯಿತು ಎಂಬ ಜಾಣ ತಿರುವು ನೂಕಿಗೆ ಹೆಂಡತಿಯನ್ನು ಕೊಟ್ಟಿತು. ಹೆಸರಿಗೆ ಮೈ ಕೊಟ್ಟವನ ಬಗ್ಗೆ ಚಿತ್ರಕ್ಕೆ ಏನೂ ಹೇಳುವುದಿಲ್ಲ.

"ಹಾಸ್ಯ ಚಿತ್ರಕ್ಕೆ ಇಷ್ಟೆಲ್ಲ ಯಾಕೆ?" ಎಂದು ನಮ್ಮ ಮಾಜಿ ಖಜಾಂಚಿಯವರ ವಾದ. ಅವರ ಪ್ರಕಾರ ಯೋಸೆಫ್‌ಗೆ ಹೊಟ್ಟೆ ತುಂಬಿತು, ಅವನ ಮಟ್ಟಿಗೆ ಅದೇ ಸುಖಾಂತ. ನಾವು ಒಪ್ಪುವುದಿಲ್ಲ. ನೆಲದ ಗೆರೆಗಳ ಮೇಲೆ ಅವನನ್ನು ಅಷ್ಟು ಹೊತ್ತು ನಡೆಸದೆ ಇದ್ದಿದ್ದರೆ ಒಪ್ಪುತ್ತಿದ್ದೆವೇನೋ. ಒಬ್ಬ ಮನುಷ್ಯನ ಅವಮಾನವನ್ನು ಹತ್ತಿರದಿಂದ ತೋರಿಸಿದ ಮೇಲೆ ಅವನನ್ನು ಕಾಗದದ ಚೂರಿನಂತೆ ಮಡಚಿ ಜೇಬಿಗಿಡುವುದು ನ್ಯಾಯವಲ್ಲ. ಲುಬಿಚ್‌ಗೂ ಇದು ಆಮೇಲೆ ಕಾಡಿರಬೇಕು ಎಂಬುದು ನಮ್ಮ ಊಹೆ. 1927ರಲ್ಲಿ ಅಮೆರಿಕದಲ್ಲಿ ಅವರು ಹೈಡೆಲ್‌ಬರ್ಗ್‌ನ ವಿದ್ಯಾರ್ಥಿ ರಾಜಕುಮಾರನ ಕಥೆ ತೆಗೆದಾಗ, ರಮೋನ್ ನೊವಾರೊ ಮಾಡಿದ ರಾಜಕುಮಾರ ಹೋಟೆಲಿನ ಹುಡುಗಿಯನ್ನು ಬಿಟ್ಟು ಪಟ್ಟದ ಮೇಲೆ ಕೂರಬೇಕಾಗುತ್ತದೆ. ಅಲ್ಲಿ ಬಿರುದೇ ಅವನ ಸೆರೆಮನೆ. ಮೆರವಣಿಗೆ ನೋಡುವ ಜನ ದೊರೆಯಾಗುವುದು ಎಂಥ ಭಾಗ್ಯ ಎಂದುಕೊಳ್ಳುವಾಗ ಅವನ ಮುಖ ನೋಡಬೇಕು. ಆ ಚಿತ್ರ ಹೆಚ್ಚು ಮೃದು, ಹೆಚ್ಚು ಸುಂದರ. ಆದರೂ ನಮ್ಮ ಮತ 'ಸಿಂಪಿ'ಗೇ. ದೊರೆಯ ದುಃಖಕ್ಕೆ ಅಳುವವರು ಬಹಳ ಇದ್ದಾರೆ, ಸೇವಕನ ಕಾಲುಗಳನ್ನು ನೋಡಿದವರು ಕಡಿಮೆ.

ಪಾತ್ರೆ ತೊಳೆದು ಹೊರಗೆ ಬಂದಾಗ ಮಕ್ಕಳೆಲ್ಲ ಸಭಾಭವನದ ನೆಲದ ಹೆಂಚಿನ ಗೆರೆಗಳ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು, ಗೆರೆ ತಪ್ಪಿದವರು ಔಟ್. ಹೊರಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಚಿತ್ರದ ಡಿಸ್ಕ್ ನಮ್ಮ ಬಳಿ ಇದೆ, ಬೇಕಾದವರು ಮುಂದಿನ ಸಭೆಯಲ್ಲಿ ಕೇಳಿ ಪಡೆಯಬಹುದು. ಹಿಂದಿನ ಸಲ ಕೊಟ್ಟ ಎರಡು ಇನ್ನೂ ವಾಪಸು ಬಂದಿಲ್ಲ.